ಟವೆಲ್ ಹಾಕಿ ಸೀಟು ಹಿಡಿದ ಮೀನು

"ಮೂವತ್ತೆರಡು ವರ್ಷ ಬಸ್ ಸ್ಟ್ಯಾಂಡಿನಾಗೆ ಜಗಳಗಂಟ ಮನುಷ್ಯರನ್ನೇ ಅಕ್ಕಪಕ್ಕ ಕೂರಿಸಿ ಊರು ಮುಟ್ಟಿಸಿದೀನಿ. ಬೆರಳುದ್ದದ ಎರಡು ಮೀನಿಗೆ ಜೊತೆ ಹುಡುಕಾಕೆ ಆಗಲ್ಲ ಅಂತೀಯಾ? ಹದಿನೈದೇ ದಿವಸ. ಬರ್ಕಂಡು ಇಟ್ಕ."

ಹೀಗೆಂದು ಶಿವಮೂರ್ತಪ್ಪನವರು ಫೋನಿನಲ್ಲಿ ಮಗಳ ಮೇಲೆ ಗುಡುಗಿದಾಗ, ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಆ ರಸ್ತೆಯ ಇಸ್ತ್ರಿ ಗಾಡಿಯವನು ಪೆಟ್ಟಿಗೆ ಎತ್ತಿ ಹಿಡಿದು ಅವರ ಮನೆಯತ್ತ ನೋಡಿದ. ಮಗಳು ಅಂಕಿತಾ ಇರುವುದು ಹರಿಹರದಲ್ಲಿ. ಹದಿನಾಲ್ಕು ಕಿಲೋಮೀಟರು. ಅಷ್ಟು ದೂರಕ್ಕೆ ಆ ಗಂಟಲಿಗೆ ಫೋನು ಯಾಕೆ ಬೇಕು, ಸುಮ್ಮನೆ ರೀಚಾರ್ಜು ದಂಡ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಗಂಟಲು ಹಾಗಾಗಲು ಕಾರಣವಿತ್ತು. ನಿವೃತ್ತಿಯಾಗುವ ತನಕ ಅವರು ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಅಲ್ಲಿ ಅವರಿಗೆ ಅಂಟಿದ ರೋಗವೆಂದರೆ ಯಾರ ಮಾತನ್ನೂ ಪೂರ್ತಿ ಕೇಳದಿರುವುದು. ಪ್ರಯಾಣಿಕ "ಸಾರ್, ಹೊನ್ನಾಳಿ…" ಎನ್ನುವಷ್ಟರಲ್ಲಿ "ನಾಕನೇ ಪ್ಲಾಟ್‌ಫಾರ್ಮು, ಹೋಗ್ರಿ" ಎಂದು ಮುಗಿಸಿಬಿಡುತ್ತಿದ್ದರು. ಅವನು ಕೇಳಲು ಬಂದದ್ದು ಹೊನ್ನಾಳಿಗೆ ಹೋಗುವ ಬಸ್ಸನ್ನೋ, ಹೊನ್ನಾಳಿ ಬಸ್ಸಿನಲ್ಲಿ ಮರೆತುಬಂದ ಚೀಲವನ್ನೋ, ಅದು ಅವನ ಹಣೆಬರಹ. ದಿನಕ್ಕೆ ಸಾವಿರ ಜನ ಸಾವಿರ ಪ್ರಶ್ನೆ ಕೇಳುವ ಜಾಗದಲ್ಲಿ ಅದು ನಡೆಯಿತು. ಮನೆಯಲ್ಲಿ ಇರುವುದು ಇಬ್ಬರೇ. ಅಲ್ಲಿಯೂ ಅದೇ ನಡೆಯಿತು, ಹೆಂಡತಿ ದ್ರಾಕ್ಷಾಯಣಮ್ಮ ಮೂವತ್ತು ವರ್ಷದಿಂದ ಅರ್ಧ ಅರ್ಧ ವಾಕ್ಯದಲ್ಲೇ ಸಂಸಾರ ಮಾಡಿಕೊಂಡು ಬಂದರು.

ಈಗ ಪಂದ್ಯದ ಮೂಲಕ್ಕೆ ಬರೋಣ. ಶಿವಮೂರ್ತಪ್ಪನವರ ಮನೆಗೆ ಮಹಡಿಯಿದೆ. ಎರಡು ವರ್ಷದಲ್ಲಿ ಮೂರು ಬಾಡಿಗೆಯವರು ಬಂದು ಮೂವರೂ ಓಡಿಹೋದರು. ಮಹಡಿಗೆ ಮೆಟ್ಟಿಲಿರುವುದು ಇವರ ಹಾಲಿನೊಳಗಿಂದ, ನಡುವೆ ಬಾಗಿಲಿಲ್ಲ. ಮೇಲೆ ನಲ್ಲಿ ತೊಟ್ಟಿಕ್ಕಿದ ಸದ್ದು ಕೇಳಿದರೂ ಸಾಕು, ಶಿವಮೂರ್ತಪ್ಪನವರು ಎರಡೆರಡು ಮೆಟ್ಟಿಲು ಹತ್ತಿ ಅವರ ಅಡುಗೆಮನೆಯಲ್ಲೇ ನಿಂತು ಕೂಗುತ್ತಿದ್ದರು. ಕೊನೆಯ ಬಾಡಿಗೆಯವರು ಅಡ್ವಾನ್ಸನ್ನೂ ಮರೆತು ಸರಸ್ವತಿ ನಗರಕ್ಕೆ ಹೋದವರು ಇನ್ನೂ ಈ ರಸ್ತೆಯಲ್ಲಿ ಓಡಾಡುವುದಿಲ್ಲ.

ಇತ್ತ ಹರಿಹರದಲ್ಲಿ ಅಂಕಿತಾಳ ಮನೆ ಮಾಲೀಕರು ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದಿದ್ದರು. ಅಳಿಯ ಬಕ್ಕೇಶ ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಒಬ್ಬಳೇ ಮಗಳು, ಮೇಲೆ ಮನೆ ಖಾಲಿ, ನಡುವೆ ಅರ್ಧ ಗಂಟೆಯ ದಾರಿ. ಮಗಳು ಬಂದು ಮೇಲೆ ಇರಲಿ ಎನ್ನುವುದೊಂದೇ ಶಿವಮೂರ್ತಪ್ಪನವರ ಆಸೆ. ಅದನ್ನು ಅವರು ಆಸೆಯ ಹಾಗೆ ಹೇಳದೆ ಹುಕುಂ ಥರ ಹೇಳಿದ್ದರಿಂದ ಅಂಕಿತಾ, "ಬ್ಯಾಡಪ್ಪ. ನೀನೂ ಇವರೂ ಒಂದು ಸೂರಿನ ಕೆಳಗೆ ಎರಡು ದಿವಸ ಇರಲ್ಲ. ದೀಪಾವಳಿ ನೆನಪೈತಾ?" ಎಂದಳು.

ದೀಪಾವಳಿ ಎಲ್ಲರಿಗೂ ನೆನಪಿತ್ತು. ಹಬ್ಬಕ್ಕೆ ಬಂದ ಅಳಿಯ ಮಾವನ ಬೆತ್ತದ ಕುರ್ಚಿಯ ಮೇಲೆ ಕೂತ. ಅದೇ ಮೊದಲ ತಪ್ಪು. ಫ್ಯಾನನ್ನು ಎರಡರಿಂದ ನಾಲ್ಕಕ್ಕೆ ತಿರುಗಿಸಿದ. ಆಮೇಲೆ ಊಟಕ್ಕೆ ಎಲೆ ಹಾಕಿದಾಗ ಗಂಟಲು ಸರಿಮಾಡಿಕೊಂಡು, "ಮಾವಾರೇ, ಒಂದು ಮಾತು ಕೇಳಬೇಕಿತ್ತು. ಮ್ಯಾಲಿನ ಮನೆ…" ಎಂದ. ಶಿವಮೂರ್ತಪ್ಪನವರು ಅಷ್ಟಕ್ಕೇ ಸಿಡಿದರು. "ಮ್ಯಾಲಿನ ಮನೆ ಬಾಡಿಗೆಗಿಲ್ಲ. ನಿಮ್ಮ ಕಾರ್ಖಾನೆ ಸ್ನೇಹಿತರಿಗಂತೂ ಇಲ್ಲವೇ ಇಲ್ಲ. ನನ್ನ ಕುರ್ಚಿ ಮೇಲೆ ಕುಂತಿದ್ದು ಸಾಲದೆ ನನ್ನ ಮನೆ ವಿಲೇವಾರಿ ಮಾಡಬ್ಯಾಡ್ರಿ." ಅಳಿಯ ಹೋಳಿಗೆಯ ಎಲೆ ಬಿಟ್ಟು ಎದ್ದ. ಅವತ್ತು ಸಂಜೆ ಶಿವಮೂರ್ತಪ್ಪನವರ ಬಿ.ಪಿ. ನೂರಾ ತೊಂಬತ್ತು ಮುಟ್ಟಿತು.

ಡಾಕ್ಟರು ಮಾತ್ರೆ ಬರೆದು, "ಮನೆಯಾಗೆ ಒಂದು ಮೀನಿನ ತೊಟ್ಟಿ ಇಡ್ರಿ, ನೋಡ್ತಾ ಕೂಡ್ರಿ, ಸಿಟ್ಟು ಇಳಿತೈತೆ" ಎಂದರು. ಮಗಳು ಹೇಳಿದಳೆಂದು ಬಕ್ಕೇಶನೇ ಮೂರಡಿ ಗಾಜಿನ ತೊಟ್ಟಿ ತಂದು ಹಾಲಿನಲ್ಲಿಟ್ಟ. ಜೊತೆಗೆ ಹರಿಹರದ ಅವನ ಸ್ನೇಹಿತ ನೌಮಾನನ ಅಂಗಡಿಯಿಂದ ಕಪ್ಪು ಬಿಳಿ ಪಟ್ಟೆಯ ಎರಡು ಮೀನು, ಅವು ಅಡಗಿಕೊಳ್ಳಲು ಒಂದು ಮಣ್ಣಿನ ಹೂಕುಂಡ. ಸಿಟ್ಟು ಇಳಿಸಲು ಬಂದ ಆ ಮೀನುಗಳಷ್ಟು ಸಿಟ್ಟಿನ ಪ್ರಾಣಿಯನ್ನು ಶಿವಮೂರ್ತಪ್ಪನವರು ಕನ್ನಡಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ.

ಕಂಟ್ರೋಲರ್ ಆಗಿದ್ದವರಿಗೆ ಖಾಲಿ ಬಸ್ಸು ಕಂಡರೆ ಹೊಟ್ಟೆಯುರಿ. ಮೂರಡಿ ತೊಟ್ಟಿಯಲ್ಲಿ ಎರಡೇ ಪ್ಯಾಸೆಂಜರ್ ಓಡಾಡುವುದನ್ನು ನೋಡಲಾಗದೆ ಪಕ್ಕದ ಮನೆಯ ಪುಷ್ಪಲತಾ ಕೊಟ್ಟ ಒಂದು ಕೆಂಪು ಮೀನನ್ನು ಬಿಟ್ಟರು. ಐದು ನಿಮಿಷದಲ್ಲಿ ಅದು ಪ್ರಾಣಭಯಕ್ಕೆ ತೊಟ್ಟಿಯಿಂದ ಹಾರಿ ಸೋಫಾದ ಮೇಲೆ ಬಿತ್ತು. ಪುಷ್ಪಲತಾ ಅಳುತ್ತಾ ಅದನ್ನು ಚೊಂಬಿನಲ್ಲಿ ವಾಪಸು ಒಯ್ದಳು. ಇವರು ಕೂಡಲೇ ಮಗಳಿಗೆ ಫೋನು ಮಾಡಿ, "ನಿನ್ನ ಗಂಡ ಎಂಥ ಮೀನು ಕೊಟ್ಟಾನೆ?" ಎಂದು ಶುರುಮಾಡಿದರು.

"ಅಪ್ಪ, ಅವು ಥೇಟ್ ನಿನ್ನಂಗೆ" ಎಂದಳು ಅಂಕಿತಾ. "ಅವಕ್ಕೆ ಹೊಂದ್ಕಂಡು ಹೋಗೋ ಒಂದೇ ಒಂದು ಮೀನು ಹುಡುಕಿ ತೋರ್ಸು. ಅವು ಒಂದೇ ತೊಟ್ಟಿಯಾಗೆ ಬಾಳಿದ್ರೆ, ನಾವೂ ನಿನ್ನ ಮ್ಯಾಲಿನ ಮನೆಗೆ ಬರ್ತೀವಿ."

ಅದಕ್ಕೆ ಕೊಟ್ಟ ಉತ್ತರವೇ ಮೊದಲು ನೀವು ಕೇಳಿದ್ದು.

ಮಾರನೆಯ ದಿನವೇ ಶಿವಮೂರ್ತಪ್ಪನವರು ಹಣೆಗೆ ವಿಭೂತಿ ಬಳಿದುಕೊಂಡು ಹರಿಹರದ ಬಸ್ಸು ಹತ್ತಿದರು. ದಾವಣಗೆರೆಯಲ್ಲೇ ಮೀನಿನ ಅಂಗಡಿಗಳಿವೆ. ಆದರೆ ಮಾಲು ಕೊಟ್ಟವನೇ ಜವಾಬ್ದಾರ ಎನ್ನುವುದು ಅವರ ಕಾನೂನು. ನೌಮಾನ್ ನಲವತ್ತು ದಾಟಿದ, ನಿಧಾನವಾಗಿ ಮಾತಾಡುವ ಮನುಷ್ಯ. ಇವರ ಮುಂದೆ ನಿಧಾನವಾಗಿ ಮಾತಾಡುವುದು ಎಷ್ಟು ಅಪಾಯವೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

"ಬರ್ರಿ ಸಾರ್, ಕೂಡ್ರಿ. ಅವು ಕಾನ್ವಿಕ್ಟ್ ಸಿಕ್ಲಿಡ್ ಅಂತ. ಮೈಮ್ಯಾಲೆ ಪಟ್ಟೆ ಐತಲ್ಲ, ಜೈಲಿನ ಕೈದಿ ಅಂಗಿ ಥರ, ಅದಕ್ಕೇ ಆ ಹೆಸರು."

"ಅಂದ್ರೆ ಅಳಿಯಂದ್ರು ನನ್ನ ಮನೆಗೆ ಕೈದಿಗಳನ್ನ ಕಳಿಸ್ಯಾರೆ."

"ಹಂಗಲ್ಲ ಸಾರ್. ಜೊತೆಗೆ ಬ್ಯಾರೆ ಮೀನು ಬಿಡೋ ಮುಂಚೆ ಒಂದು ನೋಡಬೇಕು. ಆ ಹೂಕುಂಡದೊಳಗೆ ಅವು ಏನಾದ್ರೂ…"

"ಕುಂಡ ಚೆನ್ನಾಗೈತೆ. ಕುಂಡದ ಮ್ಯಾಲೆ ನನಗೇನೂ ತಕರಾರಿಲ್ಲ. ಮೀನು ತೋರ್ಸಪ್ಪ."

ಶಿವಮೂರ್ತಪ್ಪನವರಿಗೆ ಯಾರ ಸಲಹೆಯೂ ಬೇಕಿರಲಿಲ್ಲ. ಸೀಟಿನ ಶಾಸ್ತ್ರ ಅವರಿಗೆ ಕರತಲಾಮಲಕ. ಅದರ ಮೊದಲ ಸೂತ್ರ: ಜಗಳಗಂಟನ ಪಕ್ಕ ಮೆತ್ತನೆಯವರನ್ನು ಕೂರಿಸು. ಎಂಥ ಕುಡುಕನೇ ಆದರೂ ಪಕ್ಕದಲ್ಲಿ ಜಪಸರ ಹಿಡಿದ ಅಜ್ಜಿ ಕೂತರೆ ತೆಪ್ಪಗಾಗುತ್ತಾನೆ. ಆ ಲೆಕ್ಕದಲ್ಲಿ ಅವರು ಆರಿಸಿದ್ದು ದುಂಡಗೆ ಹೊಟ್ಟೆ ಬಿಟ್ಟ, ಸೆರಗಿನ ಹಾಗೆ ಬಾಲ ಇಳಿಬಿಟ್ಟ ಎರಡು ಗೋಲ್ಡ್ ಫಿಶ್.

ವಾಪಸು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ. ಪಕ್ಕದಲ್ಲಿದ್ದವರು ಚೀಲವನ್ನು ನೋಡಿದರು, ಇವರ ಹಣೆಯ ವಿಭೂತಿ ನೋಡಿದರು, ಮತ್ತೆ ಚೀಲ ನೋಡಿದರು. ಆಮೇಲೆ ದನಿ ತಗ್ಗಿಸಿ, "ಯಜಮಾನ್ರೇ, ಇದನ್ನ ಸಾರು ಮಾಡ್ತೀರೋ ಫ್ರೈ ಮಾಡ್ತೀರೋ?" ಎಂದರು.

ಆ ಬಸ್ಸು ದಾವಣಗೆರೆ ಮುಟ್ಟುವ ತನಕ ಶಿವಮೂರ್ತಪ್ಪನವರು ತಮ್ಮ ವಂಶ, ಮಠ, ದೀಕ್ಷೆ, ಅಜ್ಜನ ಕಾಲದಿಂದ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದಿರುವ ಸಂಗತಿ ಎಲ್ಲವನ್ನೂ ಐವತ್ತೆರಡು ಸೀಟಿಗೂ ಕೇಳುವಂತೆ ವಿವರಿಸಿದರು. ಕೇಳಿದ ಮನುಷ್ಯ ನಡುವೆಯೇ ಇಳಿದುಕೊಂಡ. ಅದು ಅವನ ಊರಲ್ಲ ಎಂದು ಕಂಡಕ್ಟರು ಆಮೇಲೆ ಹೇಳಿದ.

ಮಾರನೆಯ ಬೆಳಿಗ್ಗೆ ನೋಡಿದರೆ ಗೋಲ್ಡ್ ಫಿಶ್‌ಗಳ ಸೆರಗು ಇರಲಿಲ್ಲ. ಬಾಲದ ಜಾಗದಲ್ಲಿ ಮೊಂಡು ಕುಂಚ. ಎರಡೂ ಮೂಲೆಯಲ್ಲಿ ಮೈ ಒತ್ತಿಕೊಂಡು ಬಾಯಿ ಬಿಡುತ್ತಿದ್ದವು. ಪಟ್ಟೆ ಜೋಡಿಯಲ್ಲಿ ಸಣ್ಣದು, ಹೊಟ್ಟೆ ಕಿತ್ತಳೆ ಬಣ್ಣದ ಹೆಣ್ಣು, ಅವುಗಳ ಮುಂದೆ ಪಹರೆ ತಿರುಗುತ್ತಿತ್ತು.

"ರೀ, ಪಾಪದವು ಸಾಯ್ತಾವೆ" ಎಂದು ದ್ರಾಕ್ಷಾಯಣಮ್ಮ ಅವುಗಳನ್ನು ಸ್ನಾನದ ಬಕೆಟ್ಟಿಗೆ ಹಾಕಿದರು. "ಈ ಹೆಣ್ಣು ಮೀನು ಯಾಕೋ ಆ ಕುಂಡದ ಹತ್ರ ಯಾರನ್ನೂ…"

"ಹೆಣ್ಣಿನದೇನಿಲ್ಲ, ಎಲ್ಲಾ ಗಂಡಿನ ಕುಮ್ಮಕ್ಕು. ನೀನು ಸುಮ್ಕಿರು."

ದ್ರಾಕ್ಷಾಯಣಮ್ಮ ಸುಮ್ಮನಾದರು. ಸುಮ್ಮನಿರುವುದರಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಿತ್ತು.

ಎರಡನೆಯ ಸೂತ್ರ: ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ರೌಡಿಯ ಪಕ್ಕ ಅವನಿಗಿಂತ ದೊಡ್ಡ ರೌಡಿಯನ್ನು ಕೂರಿಸಿದರೆ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಊರು ಸೇರುತ್ತಾರೆ. ಎರಡನೆಯ ಸಲ ಹರಿಹರಕ್ಕೆ ಹೋಗಿ ಅಂಗೈ ಅಗಲದ ಕಪ್ಪು ಆಸ್ಕರ್ ಮೀನು ತಂದರು. ನೌಮಾನ್ ಚೀಲಕ್ಕೆ ಗಾಳಿ ತುಂಬುತ್ತಾ, "ಸಾರ್, ಸೈಜಿನಾಗೆ ಏನಿಲ್ಲ. ಅವು ಜೋಡಿ ಕಟ್ಟಿದ್ರೆ…" ಎಂದ. "ಜೋಡಿ ಅಂತಲೇ ಅಲ್ವಾ ನೀನು ದುಡ್ಡು ಇಸ್ಕಂಡಿದ್ದು" ಎಂದು ಇವರು ಚೀಲ ಕಿತ್ತುಕೊಂಡರು.

ಆಸ್ಕರ್ ತೊಟ್ಟಿಗೆ ಇಳಿಯುವಾಗ ಏನು ಗತ್ತು, ಏನು ಗಾಂಭೀರ್ಯ. ಅರ್ಧ ಗಂಟೆಯಲ್ಲಿ ಎಲ್ಲ ಇಳಿಯಿತು. ತನ್ನ ಕಾಲು ಭಾಗವೂ ಇಲ್ಲದ ಹೆಣ್ಣು ಮೀನು ಬಂದು ಪಕ್ಕೆಗೆ ಎರಡು ಗುದ್ದು ಗುದ್ದಿದ್ದೇ ತಡ, ಆ ಮಹಾಶೂರ ತಳಕ್ಕೆ ಹೋಗಿ ಮಗ್ಗುಲಾಗಿ ಮಲಗಿಬಿಟ್ಟ. ಸತ್ತನೆಂದು ದ್ರಾಕ್ಷಾಯಣಮ್ಮ ಎತ್ತಿ ಹಿತ್ತಾಳೆ ಕೊಳಗಕ್ಕೆ ಹಾಕಿದರೆ, ಎದ್ದು ಜುಮ್ಮೆಂದು ಈಜಾಡಿದ.

"ಸತ್ತಂಗೆ ನಟಿಸ್ತೈತೆ ಮುಂಡೇದು" ಎಂದು ಶಿವಮೂರ್ತಪ್ಪನವರು ಹಲ್ಲು ಕಡಿದರು.

"ನೀವು ಕೂಗಾಡೋವಾಗ ನಾನೂ ಹಿಂಗೇ ಮಲಗ್ತೀನಿ" ಎಂದರು ದ್ರಾಕ್ಷಾಯಣಮ್ಮ. ಅಷ್ಟರಲ್ಲಿ ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟಾಗಿತ್ತು, ಕೇಳಿಸಲಿಲ್ಲ.

ಮೂರನೆಯದು ಜಾತ್ರೆ ಬಸ್ಸಿನ ಸೂತ್ರ. ಕಾಲಿಡಲೂ ಜಾಗವಿಲ್ಲದ ಬಸ್ಸಿನಲ್ಲಿ ಯಾರೂ ಹೊಡೆದಾಡುವುದಿಲ್ಲ, ಕೈ ಎತ್ತಲು ಜಾಗ ಬೇಕಲ್ಲ. ಮೂರನೆಯ ಸಲ ಒಟ್ಟಿಗೆ ಹನ್ನೆರಡು ಬೆಳ್ಳಿ ಬಣ್ಣದ ಚುರುಕು ಮೀನು, ಮೇಲ್ವಿಚಾರಣೆಗೆ ಗಾಜು ನೆಕ್ಕುವ ಒಂದು ಸಕ್ಕರ್ ಮೀನು ತಂದು ಸುರಿದರು. ನೌಮಾನ್ ಈ ಸಲ ಕೈಮುಗಿದು, "ಸಾಹೇಬ್ರೇ, ಒಂದೇ ಒಂದು ಮಾತು…" ಎಂದದ್ದು ಹರಿಹರದಲ್ಲೇ ಉಳಿಯಿತು.

ತೊಟ್ಟಿಯೊಳಗೆ ಅಂಥ ಸೀಟು ಹಂಚಿಕೆ ಶಿವಮೂರ್ತಪ್ಪನವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಎರಡು ಪಟ್ಟೆ ಮೀನಿಗೆ ಎರಡೂಕಾಲು ಅಡಿ. ಉಳಿದ ಹದಿಮೂರಕ್ಕೆ ಬಲಗಡೆ ಮೇಲಿನ ಮೂಲೆಯಲ್ಲಿ ಗೇಣು ಜಾಗ, ಅದೂ ನಿಂತುಕೊಂಡೇ ಪ್ರಯಾಣ. ಗಂಡು ಮೀನು ಬಾಯಲ್ಲಿ ಮರಳು ಎತ್ತೆತ್ತಿ ತಂದು ಹೂಕುಂಡದ ಸುತ್ತ ಗೋಡೆ ಕಟ್ಟುತ್ತಿತ್ತು. ಹೆಣ್ಣು ಕುಂಡದ ಬಾಯಲ್ಲೇ ನಿಂತಿತ್ತು. ಯಾರಾದರೂ ಗೇಣು ದಾಟಿದರೆ ಬಾಣದ ಹಾಗೆ ಬಂದು ಅಟ್ಟುತ್ತಿತ್ತು.

ದ್ರಾಕ್ಷಾಯಣಮ್ಮ ಮತ್ತೆ ಸೌಟು ಹಿಡಿದು ನಿರಾಶ್ರಿತರ ಸ್ಥಳಾಂತರಕ್ಕೆ ನಿಂತರು. ಬಕೆಟ್ಟು ತುಂಬಿತ್ತು, ಕೊಳಗ ತುಂಬಿತ್ತು. ಹಿಟ್ಟು ನಾದುವ ಪರಾತ, ಹೋಳಿಗೆ ಹೂರಣದ ಡಬರಿ, ಕಟ್ಟಕಡೆಗೆ ಮಂಡಕ್ಕಿ ಕಲಸುವ ದೊಡ್ಡ ಬೋಗುಣಿ ಕೂಡ ಹೋಯಿತು. ಬೋಗುಣಿ ಹೋದದ್ದೇ ತಡ, ಅವರ ತಾಳ್ಮೆಯೂ ಹೋಯಿತು.

"ಈ ಮನೆ ಪಾತ್ರೆಗೆ ನಾಕು ತಲೆಮಾರಿನಿಂದ ಮೀನು ಬಿದ್ದಿಲ್ಲ. ಹದಿನೈದು ದಿವಸದಾಗೆ ಎಲ್ಲಾ ಪಾತ್ರೆಗೂ ಹಾಕಿಸಿದ್ರಿ. ನಾಳೆ ಮಗಳು ಅಳಿಯ ಬರ್ತಾರೆ, ಒಗ್ಗರಣೆ ಮಂಡಕ್ಕಿ ಯಾವುದರಾಗೆ ಕಲಸ್ಲಿ, ನಿಮ್ಮ ತಲೆ ಮ್ಯಾಲಾ?"

ಹೌದು, ನಾಳೆ ಭಾನುವಾರ. ಹದಿನೈದನೆಯ ದಿನ. ಮಗಳು ಬಂದು ನೋಡುತ್ತಾಳೆ, ನಗುತ್ತಾಳೆ, ಮತ್ತೆಲ್ಲೋ ಬಾಡಿಗೆ ಮನೆ ಹಿಡಿಯುತ್ತಾಳೆ. ಅದನ್ನು ನೆನೆದು ಸಂಕಟಪಡಲು ಶಿವಮೂರ್ತಪ್ಪನವರಿಗೆ ಬರುತ್ತಿರಲಿಲ್ಲ, ಗೊತ್ತಿದ್ದದ್ದು ಸಿಟ್ಟು ಮಾಡುವುದೊಂದೇ. ನೌಮಾನನಿಗೆ ಫೋನು ಹಚ್ಚಿ, "ನಾಳೆ ನಿನ್ನ ಸ್ನೇಹಿತನ ಜೊತೆ ಬಂದು ನಿನ್ನ ಕೈದಿಗಳನ್ನ ಎತ್ಕಂಡು ಹೋಗು, ಇಲ್ಲಾಂದ್ರೆ ತೊಟ್ಟಿ ಸಮೇತ ನಿನ್ನ ಅಂಗಡಿ ಮುಂದೆ ಇಟ್ಟು ಧರಣಿ ಕೂರ್ತೀನಿ" ಎಂದು ಅವನ ಉತ್ತರ ಕೇಳದೆ ಇಟ್ಟರು.

ಭಾನುವಾರ ಬೆಳಿಗ್ಗೆ ಹತ್ತೂವರೆ. ಬೆತ್ತದ ಕುರ್ಚಿಯಲ್ಲಿ ಕೂತು ತೊಟ್ಟಿಯನ್ನೇ ದಿಟ್ಟಿಸುತ್ತಿದ್ದ ಶಿವಮೂರ್ತಪ್ಪನವರಿಗೆ ಥಟ್ಟನೆ ಜ್ಞಾನೋದಯವಾಯಿತು. ಎಲ್ಲಾ ಜಗಳ ಇರುವುದು ಆ ಹೂಕುಂಡದಲ್ಲಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು "ಇದು ನಮ್ಮ ಸೀಟು" ಎನ್ನುವವರನ್ನು ಅವರು ಕಂಡಿಲ್ಲವೇ? ಈ ಮೀನುಗಳಿಗೆ ಕುಂಡವೇ ಟವೆಲ್ಲು. ಮೂವತ್ತೆರಡು ವರ್ಷ ಅಂಥ ಜಗಳಕ್ಕೆ ಅವರು ಹಾಕಿದ ತೀರ್ಪು ಒಂದೇ: ಟವೆಲ್ಲು ಕಿತ್ತೆಸೆ, ಮೊದಲು ಹತ್ತಿದವರು ಕೂರಲಿ.

"ದ್ರಾಕ್ಷಾಯಣಿ, ನೋಡ್ತಿರು. ಎರಡು ನಿಮಿಷದಾಗೆ ಎಲ್ಲಾ ಸರಿಮಾಡ್ತೀನಿ" ಎಂದು ಅಂಗಿಯ ತೋಳು ಮಡಚಿ, ತೊಟ್ಟಿಯೊಳಗೆ ಮೊಣಕೈವರೆಗೆ ತೋಳಿಳಿಸಿ, ಕುಂಡಕ್ಕೆ ಕೈ ಹಾಕಿದರು.

ಆಮೇಲೆ ನಡೆದದ್ದನ್ನು ನೋಡಿದವರು ದ್ರಾಕ್ಷಾಯಣಮ್ಮ ಒಬ್ಬರೇ. ಹೆಣ್ಣು ಮೀನು ಅವರ ತೋರುಬೆರಳಿನ ಉಗುರು ಸಂದಿಗೆ ಬಾಯಿ ಹಾಕಿತು. ಗಂಡು ಕಿರುಬೆರಳು ಹಿಡಿಯಿತು. ಹರಿಹರದಿಂದ ಬರುತ್ತಿದ್ದ ಅಂಕಿತಾಗೆ ದಾರಿಯಲ್ಲೇ ಕೇಳಿಸಿರಬಹುದಾದ ಒಂದು ಕೂಗು ಹಾಕಿ ಶಿವಮೂರ್ತಪ್ಪನವರು ಕೈ ಎಳೆದರು. ಎಳೆದ ರಭಸಕ್ಕೆ ಮೂಗಿನ ಮೇಲಿದ್ದ ಕನ್ನಡಕ ಜಾರಿ ತೊಟ್ಟಿಗೆ ಬಿತ್ತು. ಬಿದ್ದ ಕನ್ನಡಕವನ್ನೂ ಆ ಜೋಡಿ ಬಿಡಲಿಲ್ಲ. ಗುದ್ದಿ ಗುದ್ದಿ ನೂಕಿ ಬಲಗಡೆಯ ಮೂಲೆ ಸೇರಿಸಿದ ಮೇಲೆಯೇ ಕುಂಡಕ್ಕೆ ವಾಪಸಾದವು.

ದ್ರಾಕ್ಷಾಯಣಮ್ಮ ಬೆರಳಿಗೆ ಅರಿಶಿನ ಹಚ್ಚಿ ಪಟ್ಟಿ ಕಟ್ಟಿ ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಅಂಕಿತಾ, ಅವಳ ಹಿಂದೆ ಬಕ್ಕೇಶ, ಅವನ ಹಿಂದೆ ನೌಮಾನ್ ಬಂದು ನಿಂತರು. ಹಾಲಿನ ತುಂಬ ಪಾತ್ರೆ. ಬಕೆಟ್ಟಿನಲ್ಲಿ ಗೋಲ್ಡ್ ಫಿಶ್, ಕೊಳಗದಲ್ಲಿ ಆಸ್ಕರ್, ಪರಾತದಲ್ಲಿ ಸಕ್ಕರ್. ನಡುವೆ ಅಪ್ಪ, ಒದ್ದೆ ತೋಳು, ಬೆರಳಿಗೆ ಅರಿಶಿನದ ಪಟ್ಟಿ, ಕಣ್ಣಿಗೆ ಕನ್ನಡಕವಿಲ್ಲದೆ ಎಲ್ಲರನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಾ ಕುದಿಯುತ್ತಿದ್ದರು.

"ಎಲ್ಲಿ ಅವನು ನೌಮಾನ್? ಎಂಥ ಕೊಲೆಗಡುಕ ಮೀನು ಕೊಟ್ಟೆಯೋ ನೀನು?"

ಉತ್ತರ ಕೊಟ್ಟರೂ ಪ್ರಯೋಜನವಿಲ್ಲ ಎಂಬುದನ್ನು ನೌಮಾನ್ ಮೂರು ಸಲ ಕಲಿತಿದ್ದ. ಸುಮ್ಮನೆ ತೊಟ್ಟಿಯ ಮುಂದೆ ಮಂಡಿಯೂರಿ ಮೊಬೈಲಿನ ಟಾರ್ಚು ಹಾಕಿ ಕುಂಡದೊಳಗೆ ಬಿಟ್ಟ. ಆಮೇಲೆ ಶಿವಮೂರ್ತಪ್ಪನವರ ಕೈ ಹಿಡಿದು ಹತ್ತಿರ ಕೂರಿಸಿದ. ದ್ರಾಕ್ಷಾಯಣಮ್ಮ ತಮ್ಮ ಓದುವ ಕನ್ನಡಕ ತೆಗೆದು ಗಂಡನ ಮೂಗಿನ ಮೇಲಿಟ್ಟರು.

ಕುಂಡದ ಒಳಮೈಗೆ ಗಸಗಸೆ ಅಂಟಿಸಿದ ಹಾಗೆ ನೂರಾರು ಕಾಳು. ಹೆಣ್ಣು ಮೀನು ಅವುಗಳ ಮೇಲೆ ರೆಕ್ಕೆಯಿಂದ ಮೆಲ್ಲಗೆ ಗಾಳಿ ಬೀಸುತ್ತಿತ್ತು. ಇವರು ಇಣುಕಿದ್ದು ಕಂಡು ಮತ್ತೆ ಗಾಜಿಗೆ ಗುದ್ದಿತು.

"ಮೊಟ್ಟೆ ಸಾರ್" ಎಂದ ನೌಮಾನ್. ಯಾರೂ ತಡೆಯದಿದ್ದದ್ದು ಕಂಡು ಅವನೇ ಗಾಬರಿಯಾಗಿ, ಮುಂದಿನದನ್ನು ಒಂದೇ ಉಸಿರಿಗೆ ಹೇಳಿದ. "ಕುಂಡದೊಳಗೆ ಅವು ಜಾಗ ಸ್ವಚ್ಛ ಮಾಡ್ತಿದ್ರೆ ಮೊಟ್ಟೆ ಇಡೋಕೆ ತಯಾರಾಗ್ಯಾವೆ ಅಂತ. ಆವಾಗ ಮೆತ್ತಂದು ಬಿಟ್ರೂ ಉಳಿಯಲ್ಲ, ದೊಡ್ಡದು ಬಿಟ್ರೂ ಉಳಿಯಲ್ಲ, ಡಜನ್ ಬಿಟ್ರೂ ಉಳಿಯಲ್ಲ. ಈಗ ಬ್ಯಾರೆ ಮೀನು ಬಿಡಬ್ಯಾಡ್ರಿ ಅಂತ ಹೇಳಾಕೆ ಮೂರು ಸಲ ಬಾಯಿ ತೆಗೆದೆ. ಇವು ಕೆಟ್ಟ ಮೀನಲ್ಲ ಸಾರ್. ಮಕ್ಕಳನ್ನ ಕಾಯೋ ಭಯಕ್ಕೆ ಸಿಟ್ಟು ಮಾಡ್ತಾವೆ. ಮರಿ ದೊಡ್ಡವಾದ್ವು ಅಂದ್ರೆ ತಾನೇ ಇಳಿತೈತೆ."

ಆ ಕುಂಡವನ್ನು ಕಿತ್ತು ಅಂಗಳಕ್ಕೆ ಎಸೆಯಲು ಹೊರಟಿದ್ದೆನಲ್ಲ ಎಂದು ಶಿವಮೂರ್ತಪ್ಪನವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. "ಎಷ್ಟು ದಿವಸ ಇರ್ತೈತಪ್ಪ ಈ ಸಿಟ್ಟು?" ಎಂದು ಕೇಳಿದರು. ಅಷ್ಟು ಸಣ್ಣ ದನಿ ಅವರಿಗೆ ಇದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಒಂದೂವರೆ ತಿಂಗಳು ಸಾರ್."

"ಪುಣ್ಯವಂತ ಮೀನು" ಎಂದರು ದ್ರಾಕ್ಷಾಯಣಮ್ಮ. "ಒಂದೂವರೆ ತಿಂಗಳಿಗೆ ಮುಗಿತೈತೆ. ಇವರದ್ದು ಮಗಳಿಗೆ ಇಪ್ಪತ್ತೊಂಬತ್ತಾದ್ರೂ ಇನ್ನೂ ಇಳಿದಿಲ್ಲ."

ಅಂಕಿತಾ ಅಪ್ಪನ ಬೆರಳಿನ ಪಟ್ಟಿಯನ್ನೇ ನೋಡುತ್ತಿದ್ದಳು. ಆಗ ಬಕ್ಕೇಶ ಗಂಟಲು ಸರಿಮಾಡಿಕೊಂಡ.

"ಮಾವಾರೇ, ದೀಪಾವಳಿಯಾಗೆ ಒಂದು ಮಾತು ಕೇಳಬೇಕು ಅಂದಿದ್ದೆ. ಮ್ಯಾಲಿನ ಮನೆ…"

ಇಷ್ಟು ಹೇಳಿ ಅವನು ಅಭ್ಯಾಸಬಲದಿಂದ ನಿಲ್ಲಿಸಿದ. ಎಲ್ಲರೂ ಶಿವಮೂರ್ತಪ್ಪನವರ ಬಾಯಿಯನ್ನೇ ನೋಡಿದರು. ಆ ಬಾಯಿ ತೆರೆಯಿತು. ಬೆರಳು ಚುರ್ರೆಂದಿತು. ಬಾಯಿ ಮುಚ್ಚಿತು.

"ಹೇಳ್ರಿ" ಎಂದರು.

"ಮ್ಯಾಲಿನ ಮನೆಗೆ ನಾವೇ ಬರಾಣ ಅಂತ. ಅತ್ತೆಗೂ ಆಸರೆ ಆಗ್ತೈತೆ, ಬಾಡಿಗೆ ಎಷ್ಟಂತ ಹೇಳಿದ್ರೆ ಕೊಡ್ತೀವಿ ಅಂತ ಕೇಳಾಕೆ ಬಂದಿದ್ದೆ. ಅವತ್ತು ನನ್ನ ಸ್ನೇಹಿತರು ಯಾರೂ ಮನೆ ಹುಡುಕ್ತಿರಲಿಲ್ಲ."

ನಾಲ್ಕು ತಿಂಗಳು. ನಾಲ್ಕು ತಿಂಗಳಿಂದ ಯಾವುದಕ್ಕಾಗಿ ಶಿವಮೂರ್ತಪ್ಪನವರು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರೋ, ಮೂರು ಸಲ ಹರಿಹರಕ್ಕೆ ಬಸ್ಸು ಹತ್ತಿದ್ದರೋ, ಅದು ಹೋಳಿಗೆ ಎಲೆಯ ಮುಂದೆ ತಾನಾಗಿ ಬಂದು ಕೂತಿತ್ತು. ಇವರೇ ಅದನ್ನು ನಾಲ್ಕನೇ ಪ್ಲಾಟ್‌ಫಾರ್ಮಿಗೆ ಕಳಿಸಿದ್ದರು. ಜೀವನದಲ್ಲಿ ಎಷ್ಟೋ ಜನರ ಮೇಲೆ ಸಿಟ್ಟು ಮಾಡಿದ್ದ ಅವರಿಗೆ ಅವತ್ತು ತಮ್ಮ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿರಲಿಲ್ಲ. ಅದನ್ನು ಕೂಗಿ ಹೇಳಲು ಎದುರಿಗೆ ಯಾರೂ ಇರಲಿಲ್ಲ.

"ನಾನು ಪಂದ್ಯ ಸೋತೆ" ಎಂದರು ಕೊನೆಗೆ, ಎದ್ದು ಬೆತ್ತದ ಕುರ್ಚಿಯನ್ನು ಮುಂದಕ್ಕೆ ಎಳೆದು. "ಅಳಿಯಂದ್ರೇ, ಇಲ್ಲಿ ಕೂಡ್ರಿ."

ಬಕ್ಕೇಶ ಅನುಮಾನಿಸುತ್ತಲೇ ಕುರ್ಚಿಯ ತುದಿಯಲ್ಲಿ ಕೂತ. ಫ್ಯಾನು ನಾಲ್ಕಕ್ಕೆ ತಿರುಗಿತು. ತಿರುಗಿಸಿದವರು ಶಿವಮೂರ್ತಪ್ಪನವರೇ.

ಪಾತ್ರೆಗಳೆಲ್ಲ ಮೀನಿನ ಪಾಲಾಗಿದ್ದರಿಂದ ದ್ರಾಕ್ಷಾಯಣಮ್ಮ ಒಗ್ಗರಣೆ ಮಂಡಕ್ಕಿಯನ್ನು ಬಾಣಲೆಯಿಂದಲೇ ನ್ಯೂಸ್ ಪೇಪರಿನ ಮೇಲೆ ಸುರಿದು, ಸುತ್ತ ಮೆಣಸಿನಕಾಯಿ ಬಜ್ಜಿ ಇಟ್ಟರು. ಐವರೂ ಸುತ್ತ ಕೂತು ತಿಂದರು. ಸ್ವಲ್ಪ ಹೊತ್ತಾದ ಮೇಲೆ ಅಂಕಿತಾ ಕೈಯಲ್ಲಿದ್ದ ಬಜ್ಜಿಯಿಂದ ತೊಟ್ಟಿಯತ್ತ ತೋರಿಸಿ, "ನೌಮಾನಣ್ಣ, ಈ ಜೋಡಿ ಇರೋ ತೊಟ್ಟಿಯಾಗೆ ಇನ್ನೊಂದು ಮೀನು ಬದುಕೋ ದಾರೀನೇ ಇಲ್ವಾ?" ಎಂದಳು.

"ಐತಕ್ಕ, ಇಲ್ಲ ಅಂತಿಲ್ಲ. ನಡುವೆ ಒಂದು ಗಾಜು ಹಾಕಬೇಕು. ನೀರು ಒಂದೇ, ತೊಟ್ಟಿ ಒಂದೇ. ಇವರು ಅವರನ್ನ ನೋಡ್ಬೋದು, ಅವರು ಇವರನ್ನ ನೋಡ್ಬೋದು. ಮ್ಯಾಲೆ ಹೋಗಿ ಬೀಳಾಕೆ ಮಾತ್ರ ಆಗಲ್ಲ."

ಅಂಕಿತಾ ತಲೆಯೆತ್ತಿ ಹಾಲಿನಿಂದ ಮಹಡಿಗೆ ಹೋಗುವ ಮೆಟ್ಟಿಲು ನೋಡಿದಳು. ಬಾಗಿಲಿಲ್ಲದ, ಮೂರು ಬಾಡಿಗೆಯವರನ್ನು ನುಂಗಿದ ಮೆಟ್ಟಿಲು. ಬಕ್ಕೇಶನೂ ನೋಡಿದ. ಕೊನೆಗೆ ಶಿವಮೂರ್ತಪ್ಪನವರಿಗೂ ಅರ್ಥವಾಯಿತು.

"ಬಾಗಿಲು ಹಾಕಿಸ್ತೀನಿ" ಎಂದರು. "ಚಿಲಕ ಯಾವ ಕಡೆ?"

"ನಮ್ಮ ಕಡೆ, ಅಪ್ಪ."

ಮೂವತ್ತೆರಡು ವರ್ಷ ಯಾರು ಎಲ್ಲಿ ಕೂರಬೇಕೆಂದು ತಾವೇ ತೀರ್ಮಾನಿಸಿದ್ದ ಮನುಷ್ಯ ಆ ಚಿಲಕವನ್ನು ಒಂದು ಬಜ್ಜಿಯ ಜೊತೆ ಮೆಲ್ಲಗೆ ಅಗಿದು ನುಂಗಿದರು. "ಆತು" ಎಂದರು. ಸಂಜೆ ನೌಮಾನ್ ಬಕೆಟ್ಟು, ಕೊಳಗ, ಬೋಗುಣಿಯ ಸಂಸಾರವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದ. ಪಟ್ಟೆ ಜೋಡಿ ಮಾತ್ರ ಮೂರಡಿಯಲ್ಲಿ ತಾವೇ ತಾವಾಗಿ ಉಳಿದವು. ಖಾಲಿ ಬಸ್ಸು ಕಂಡರೂ ಶಿವಮೂರ್ತಪ್ಪನವರಿಗೆ ಹೊಟ್ಟೆ ಉರಿಯಲಿಲ್ಲ.

ಬುಧವಾರ ಬಡಗಿ ಬಂದು ಮೆಟ್ಟಿಲ ಬುಡಕ್ಕೆ ಬಾಗಿಲು ನಿಲ್ಲಿಸಿ, ಒಳಗಡೆ, ಅಂದರೆ ಮಗಳ ಕಡೆಗೆ, ಗಟ್ಟಿಯಾದ ಚಿಲಕ ಹೊಡೆದ. ಶಿವಮೂರ್ತಪ್ಪನವರು ಪಕ್ಕದಲ್ಲಿ ನಿಂತು ಒಂದೊಂದೇ ಮೊಳೆ ಎತ್ತಿಕೊಟ್ಟರು. ಬಡಗಿ ಸಾಮಾನು ಕಟ್ಟುತ್ತಿದ್ದಾಗ ದ್ರಾಕ್ಷಾಯಣಮ್ಮ ಅಡುಗೆಮನೆಯಿಂದ ಬಂದು, "ಏನಪ್ಪಾ, ಅಂಥದ್ದೇ ಇನ್ನೊಂದು ಚಿಲಕ ಐತಾ? ಈ ಕಡೆಗೂ ಒಂದು ಹೊಡಿ" ಎಂದರು.

"ಈ ಕಡೆ ಯಾಕ?" ಎಂದರು ಶಿವಮೂರ್ತಪ್ಪನವರು. "ಮ್ಯಾಲಿಂದ ಯಾರು ನಿನ್ನ ಮ್ಯಾಲೆ ಬೀಳಾಕೆ ಬರ್ತಾರೆ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಗಂಡ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ದ್ರಾಕ್ಷಾಯಣಮ್ಮ ಆತುರಪಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ವಾಕ್ಯವನ್ನು ಪೂರ್ತಿ ಮುಗಿಸಿದರು.

"ಮಗಳನ್ನ ನೋಡಾಕೆ ಅಂತ ದಿನಾ ಒಂದು ಸಲ ನೀವು ಮ್ಯಾಲೆ ಹೋಗೇ ಹೋಗ್ತೀರಲ್ಲ. ಹೋದ ಮ್ಯಾಲೆ ನಾನು ಹಾಕ್ಕಳ್ಳಾಕೆ."